ಒಳಂಗಳದ ತೂಬು

ಮಂಗಳೂರಿನಂಥ ಊರಿನಲ್ಲಿ ಮನೆ ಕಟ್ಟುವುದೆಂದರೆ ಮಳೆಯನ್ನು ಹೊರಗೆ ನಿಲ್ಲಿಸುವ ಉಪಾಯ ಹುಡುಕುವುದು ಎಂದೇ ಎಲ್ಲರ ತಿಳಿವಳಿಕೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವ ಈ ಕರಾವಳಿಯಲ್ಲಿ ಗೋಡೆಯ ಪಸೆ, ಬಟ್ಟೆಯ ಮುಗ್ಗುಲು ವಾಸನೆ, ಪುಸ್ತಕದ ಬೂಷ್ಟು ಇವುಗಳ ವಿರುದ್ಧ ನಡೆಯುವ ಕದನದಲ್ಲೇ ಗೃಹಸ್ಥನ ಆಯುಷ್ಯದ ಮೂರನೆಯ ಒಂದು ಪಾಲು ಕಳೆದುಹೋಗುತ್ತದೆ. ಹೀಗಿರುವಾಗ ಇಲ್ಲಿನ ಕೆಲವು ಹಳೆಯ ದೊಡ್ಡಮನೆಗಳನ್ನು ಕಟ್ಟಿಸಿದವರು ಮನೆಯ ನಟ್ಟನಡುವೆ ಮಾಡಿಲ್ಲದ ಒಂದು ಚೌಕವನ್ನು ಬೇಕೆಂದೇ ಬಿಟ್ಟು, ನಾಲ್ಕು ಕಡೆಯ ಇಳಿಜಾರಿನ ನೀರೂ ಅದರೊಳಕ್ಕೇ ಬಂದು ಬೀಳುವಂತೆ ಏರ್ಪಾಡು ಮಾಡಿದ್ದು ಮೊದಲ ನೋಟಕ್ಕೆ ಶುದ್ಧ ಹಟಮಾರಿತನದಂತೆ ಕಾಣುತ್ತದೆ. ಬಾಗಿಲಲ್ಲಿ ತಡೆದ ನೆಂಟನನ್ನು ಮಾಡಿನಿಂದ ಒಳಗೆ ಇಳಿಸಿಕೊಂಡ ಈ ಜಾಣತನದ ಅರ್ಥವೇನೆಂದು ಆಟಿಯ ಮಳೆಯಲ್ಲಿ ಜಗಲಿಯ ಅಂಚಿನಲ್ಲಿ ಕಾಲು ಒದ್ದೆ ಮಾಡಿಕೊಂಡು ನಿಂತವರಿಗೆಲ್ಲ ಒಮ್ಮೆಯಾದರೂ ಅನ್ನಿಸಿರಬೇಕು.

ಈ ತೆರೆದ ಚೌಕಕ್ಕೆ ಸೀಮೆಗೊಂದು ಹೆಸರು. ಕರಾವಳಿಯ ಕನ್ನಡದಲ್ಲಿ ಒಳಂಗಳ, ನಡುಅಂಗಳ ಎಂಬ ಮಾತುಗಳಿವೆ. ನಾಲ್ಕೂ ಕಡೆ ಕಟ್ಟಡ ಸುತ್ತುಗಟ್ಟಿ ನಡುವೆ ಬಯಲು ಉಳಿದ ಮನೆ ಚೌಕಿಮನೆ. ಕಾಸರಗೋಡು ದಾಟಿ ತೆಂಕಣಕ್ಕೆ ಹೋದರೆ ಅದೇ ನಾಲುಕೆಟ್ಟು, ಘಟ್ಟ ಹತ್ತಿ ಮೈಸೂರು ಸೀಮೆಗೆ ಹೋದರೆ ತೊಟ್ಟಿಮನೆ. ಹೆಸರು ಯಾವುದೇ ಇರಲಿ, ರಚನೆ ಹೆಚ್ಚುಕಡಿಮೆ ಒಂದೇ. ನಡುವೆ ಒಂದೋ ಎರಡೋ ಮೆಟ್ಟಿಲು ತಗ್ಗಾದ ನೆಲ, ಅದರ ಸುತ್ತ ಮರದ ಕಂಬಗಳ ಜಗಲಿ, ಜಗಲಿಯ ಹಿಂದೆ ಚಾವಡಿ, ಅಡುಗೆಮನೆ, ಉಗ್ರಾಣ, ಬಾಣಂತಿಯ ಕೋಣೆ. ಅಂಗಳದ ಒಂದು ಮೂಲೆಯಲ್ಲಿ, ತುಳಸಿಕಟ್ಟೆಯನ್ನು ನೋಡುವವರ ಕಣ್ಣಿಗೆ ಬೀಳದ ಹಾಗೆ, ಒಂದು ತೂಬು. ತೂಬು ಎಂದರೆ ಅಂಗಳದಲ್ಲಿ ಸೇರಿದ ನೀರನ್ನು ಗೋಡೆಯ ಅಡಿಯಿಂದ ಹಾಯಿಸಿ ಹೊರಗಿನ ತೋಡಿಗೆ ಮುಟ್ಟಿಸುವ ಕಲ್ಲಿನ ಕಂಡಿ. ಒಳಂಗಳದ ಕುರಿತು ಬರೆಯುವವರು ಕೆತ್ತನೆಯ ಕಂಬಗಳನ್ನೂ ಬೆಳದಿಂಗಳನ್ನೂ ವರ್ಣಿಸಿದಷ್ಟು ಉತ್ಸಾಹದಿಂದ ಈ ಕಂಡಿಯನ್ನು ವರ್ಣಿಸುವುದಿಲ್ಲ. ಆದರೆ ಒಳಂಗಳದ ಏಳುಬೀಳುಗಳನ್ನೆಲ್ಲ ಬಲ್ಲ ಸಾಕ್ಷಿ ಯಾರೆಂದು ಕೇಳಿದರೆ ಕಂಬಗಳಿಗಿಂತ ಮೊದಲು ತೂಬನ್ನೇ ಕರೆಸಬೇಕಾಗುತ್ತದೆ.

ಲೆಕ್ಕ ಸರಳವಾದುದು. ಅಂಗಳವೂ ಅದರತ್ತ ಇಳಿಯುವ ನಾಲ್ಕು ಮಾಡುಗಳೂ ಸೇರಿ 100 ಚದರ ಮೀಟರ್ ಆಗುವ ಒಂದು ಸಾಧಾರಣ ಚೌಕಿಯಲ್ಲಿ, ಜುಲೈ ತಿಂಗಳಿನ ಒಂದು ಜೋರು ದಿನದ 100 ಮಿಲಿಮೀಟರ್ ಮಳೆ ಎಂದರೆ 10,000 ಲೀಟರ್ ನೀರು. ಅಷ್ಟೂ ನೀರು ಮನೆಯ ಹೊಟ್ಟೆಯೊಳಕ್ಕೆ ಬಂದು, ಅಂಗೈಯಗಲದ ಒಂದು ತೂತಿನಿಂದ ಹೊರಗೆ ಹೋಗಬೇಕು. ಒಂದು ಹಲಸಿನ ಎಲೆ ಆ ತೂತಿಗೆ ಅಡ್ಡ ಕೂತರೆ ಸಾಕು, ಗಳಿಗೆಯೊಳಗೆ ನೀರು ಮೆಟ್ಟಿಲು ಹತ್ತಿ, ಜಗಲಿಯನ್ನು ತೊಳೆದು, ಉಗ್ರಾಣದ ಹೊಸಿಲನ್ನು ಮುಟ್ಟುತ್ತದೆ. ತೂಬಿನ ಮುಂದಿನ ದಾರಿ ಎಷ್ಟೋ ಮನೆಗಳಲ್ಲಿ ಯಾವುದಾದರೊಂದು ಕೋಣೆಯ ನೆಲದ ಅಡಿಯಲ್ಲೇ ಹಾದು ಹೋಗುವುದರಿಂದ, ಅದು ಎಲ್ಲಿ ಕಟ್ಟಿಕೊಂಡಿದೆ ಎಂಬುದು ಹೊರಗಿನಿಂದ ಯಾರಿಗೂ ತಿಳಿಯದು. ಬಿದಿರ ಗಳುವಿನಿಂದ ಎರಡೂ ಕಡೆಯಿಂದ ತಿವಿಯುವುದೊಂದೇ ಅದಕ್ಕೆ ಗೊತ್ತಿದ್ದ ಚಿಕಿತ್ಸೆ.

ಆದ್ದರಿಂದ ಚೌಕಿಮನೆಯ ಪಂಚಾಂಗದಲ್ಲಿ ತೂಬು ತೆಗೆಸುವ ದಿನಕ್ಕೂ ಒಂದು ಸ್ಥಾನವಿತ್ತು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವನ್ನು, ಎಂದರೆ ಮೇ 24ರ ಸುಮಾರಿಗೆ ಬರುವ ದಿನವನ್ನು, ಪತ್ತನಾಜೆ ಎನ್ನುತ್ತಾರೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ, ಊರು ಮಳೆಗಾಲಕ್ಕೆ ತಯಾರಾಗುತ್ತದೆ. ಹಂಚು ಸರಿಪಡಿಸುವುದು, ಸೌದೆ ಒಳಗೆ ಪೇರಿಸುವುದು, ಜಗಲಿಗೆ ಎರಚಲು ಬಡಿಯದಂತೆ ತೆಂಗಿನ ಮಡಲಿನ ತಟ್ಟಿ ಕಟ್ಟುವುದು, ಇವುಗಳ ಜತೆಗೆ ತೂಬಿನ ಕೆಲಸವೂ ಆ ದಿನಗಳದ್ದೇ. ಕೈ ಸಣ್ಣದಾಗಿರುವವರೇ ಬೇಕಾದ್ದರಿಂದ ಮನೆಯ ಹುಡುಗರಿಗೆ ಅದು ಪರಂಪರಾಗತ ಉದ್ಯೋಗವಾಗಿತ್ತು. ಮೊಣಕೈವರೆಗೆ ಕಂಡಿಯೊಳಕ್ಕೆ ತೂರಿಸಿ ಕೊಳೆತ ಎಲೆ, ಮಣ್ಣಿನ ಹೆಂಟೆ, ಕಳೆದ ವರ್ಷ ಕಾಣೆಯಾದ ಚೆನ್ನೆಮಣೆಯ ಕಾಯಿ ಇವನ್ನೆಲ್ಲ ಎಳೆದು ತೆಗೆಯುವಾಗ ಒಳಗಿನಿಂದ ಒಂದು ಒಳ್ಳೆ ಹಾವು ಬೆರಳು ತಾಗಿಸಿಕೊಂಡು ಸರಿದುಹೋದ ಕಥೆ ಪ್ರತಿಯೊಂದು ಹಳೆಯ ಮನೆಯಲ್ಲಿಯೂ ಇದೆ. ಒಳ್ಳೆ ವಿಷವಿಲ್ಲದ ನೀರುಹಾವು ಎಂಬುದು ಎಲ್ಲರಿಗೂ ತಿಳಿದ ವಿಷಯವಾದರೂ, ಕಥೆಯಲ್ಲಿ ಅದು ವರ್ಷ ಕಳೆದ ಹಾಗೆ ನಾಗರನಾಗಿ ಹೆಡೆಯೆತ್ತುತ್ತ ಬಂದಿದೆ.

ಇಷ್ಟು ಕಷ್ಟಪಟ್ಟು ಕಾಪಾಡಿದ ಅಂಗಳದ ಉಪಯೋಗವೇನಿತ್ತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಭತ್ತ ಬಡಿಯುವುದು, ಅಡಿಕೆ ಒಣಗಿಸುವುದು, ಒಕ್ಕಲುಗಳು ಬಂದು ನಿಲ್ಲುವುದು, ಇವೆಲ್ಲ ಮನೆಯ ಮುಂದಿನ ದೊಡ್ಡ ಅಂಗಳದ ವ್ಯವಹಾರಗಳು. ಒಳಂಗಳದ ಕಾರುಬಾರು ಹೆಂಗಸರದ್ದು. ಬೇಸಿಗೆಯಲ್ಲಿ ಅಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಬೆಳೆದ ಕಾಯಿಯ ಸೊಳೆಯನ್ನು ಬೇಯಿಸಿ, ಉಪ್ಪು ಮೆಣಸು ಹಾಕಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಬಾಳೆಲೆಯ ನಡುವೆ ಒತ್ತಿ, ಚಾಪೆಯ ಮೇಲೆ ಸಾಲಾಗಿ ಹರಡಿ, ಕಾಗೆ ಕಾಯಲು ಒಬ್ಬ ಅಜ್ಜಿಯನ್ನೂ ಒಂದು ಕೋಲನ್ನೂ ಜಗಲಿಯಲ್ಲಿ ಕೂರಿಸಿದರೆ ಬಿಸಿಲು ಉಳಿದ ಕೆಲಸವನ್ನು ಮಾಡುತ್ತಿತ್ತು. ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು, ಗದ್ದೆಯಲ್ಲಿ ಕೆಲಸವಿಲ್ಲದ, ಮನೆಯಲ್ಲಿ ತರಕಾರಿಯಿಲ್ಲದ ಕಾಲ. ಆಗ ಅದೇ ಅಂಗಳದಲ್ಲಿ ಮಳೆ ಧಾರೆಯಾಗಿ ಬೀಳುತ್ತಿರಲು, ಜಗಲಿಯಲ್ಲಿ ಕೂತು ಮೇ ತಿಂಗಳಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟು ತಿನ್ನುವುದು, ಹದಿನಾಲ್ಕು ಕುಳಿಗಳ ಚೆನ್ನೆಮಣೆಯನ್ನು ಹೊರತೆಗೆದು ಆಡುವುದು. ಚೆನ್ನೆಮಣೆಯನ್ನು ಆಟಿಯಲ್ಲಿ ಮಾತ್ರ ಆಡಬೇಕೆಂಬ ಕಟ್ಟಳೆಯನ್ನು ಮಾಡಿದವರು, ಉಳಿದ ತಿಂಗಳುಗಳಲ್ಲಿ ಮನೆಯವರ ಕೈ ಕೆಲಸ ಬಿಡದಿರಲಿ ಎಂಬ ಲೆಕ್ಕಾಚಾರವನ್ನೂ ಮಾಡಿದ್ದರೇನೋ.

ಅಂಗಳಕ್ಕೆ ಮಾಡಿಲ್ಲದಿದ್ದರೂ ಅದರ ಸುತ್ತಲಿನ ಮಾಡಿನ ಕಥೆ ಅಂಗಳದ ಕಥೆಯನ್ನು ಬದಲಿಸಿದೆ. ಮುಳಿಹುಲ್ಲು ಹೊದೆಸಿದ ಕಾಲದಲ್ಲಿ ಎರಡು ಇಳಿಜಾರುಗಳು ಒಳಮುಖವಾಗಿ ಕೂಡುವ ಮೂಲೆಗಳೇ ಮೊದಲು ಕೊಳೆಯುತ್ತಿದ್ದವು. ನಾಲ್ಕು ಕಡೆ ಸುತ್ತುವ ಮನೆಗೆ ಅಂಥ ಮೂಲೆಗಳು ನಾಲ್ಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವ ಆ ಕೆಂಪು ಹಂಚು ಊರ ಹೆಸರನ್ನು ಸಮುದ್ರದಾಚೆಗೂ ಒಯ್ದಿತು, ಮನೆಯವರನ್ನು ವರ್ಷವರ್ಷ ಹುಲ್ಲು ಹೊದೆಸುವ ಕಷ್ಟದಿಂದ ಬಿಡಿಸಿತು. ಆದರೆ ಮೂಲೆಯ ಸಮಸ್ಯೆಗೆ ಹಂಚಿನಲ್ಲೂ ಪೂರ್ಣ ಪರಿಹಾರವಿರಲಿಲ್ಲ. ಅಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಲೇಬೇಕು, ಕತ್ತರಿಸಿದ ಹಂಚಿಗೆ ಕೊಕ್ಕೆ ಇರುವುದಿಲ್ಲ, ಅದರಡಿ ತಗಡಿನ ದಂಬೆ, ಎಂದರೆ ನೀರು ಹರಿಯುವ ದೋಣಿಯನ್ನು ಇಟ್ಟರೂ ತರಗೆಲೆ ತುಂಬಿದೊಡನೆ ನೀರು ಪಕ್ಕಾಸಿನ ಬೆನ್ನೇರುತ್ತದೆ. ಇದೇ ಹಂಚಿನ ಜತೆಗೆ ಬಂದ ಇನ್ನೊಂದು ವಸ್ತು ಒಳಂಗಳಕ್ಕೆ ಸದ್ದಿಲ್ಲದ ಪ್ರತಿಸ್ಪರ್ಧಿಯಾಯಿತು. ಅದು ಗಾಜಿನ ಹಂಚು. ಮಾಡಿನಲ್ಲಿ ಎರಡು ಗಾಜಿನ ಹಂಚು ಇಟ್ಟರೆ ಮಳೆಯಿಲ್ಲದೆ ಬೆಳಕು ಮಾತ್ರ ಒಳಗೆ ಬರುತ್ತದೆ ಎಂದಾದಾಗ, ಬೆಳಕಿಗಾಗಿ ಮಳೆಯನ್ನೂ ಸಹಿಸಿಕೊಳ್ಳಬೇಕೆಂಬ ಹಳೆಯ ಒಪ್ಪಂದ ಸಡಿಲವಾಯಿತು. ಮುಂದೆ ಕಟ್ಟಿದ ಮನೆಗಳು ಚೌಕಿಯನ್ನು ಬಿಟ್ಟು ಉದ್ದನೆಯ ಮಾಡಿಗೆ ಒಲಿದುದರಲ್ಲಿ ಆಶ್ಚರ್ಯವಿಲ್ಲ.

ಊರಿನಲ್ಲಿ ಮಾಡಿಲ್ಲದ ಚೌಕವನ್ನು ಬಿಡದೆ ಉಳಿಸಿಕೊಂಡ ಸ್ಥಳವೆಂದರೆ ದೇವಸ್ಥಾನ. ಕರಾವಳಿಯ ದೇವಾಲಯಗಳಲ್ಲಿ ಗರ್ಭಗುಡಿಯ ಸುತ್ತ ಅಂಗಣ, ಅಂಗಣದ ಸುತ್ತ ಸುತ್ತುಪೌಳಿ, ಎಂದರೆ ಒಳಮುಖವಾಗಿ ತೆರೆದ ಮಾಡಿನ ಕಟ್ಟಡ ಇರುತ್ತದೆ. ಅಲ್ಲಿ ದೇವರ ಬಲಿ ಹೊರಡಬೇಕು, ಸುತ್ತು ಬರಬೇಕು. ಆಕಾಶ ಕಾಣುವುದೇ ಅಲ್ಲಿನ ನಿಯಮ. ಈಚೆಗೆ ಭಕ್ತರ ತಲೆ ನೆನೆಯಬಾರದೆಂಬ ಕಾಳಜಿಯಿಂದ ಎಷ್ಟೋ ಅಂಗಣಗಳ ಮೇಲೆ ಕಬ್ಬಿಣದ ಕಂಬ, ತಗಡಿನ ಚಾವಣಿ ಎದ್ದಿವೆ. ಮಳೆ ಬಿದ್ದಾಗ ಆ ತಗಡಿನ ಸದ್ದಿನಲ್ಲಿ ಮಂತ್ರವೂ ಚೆಂಡೆಯೂ ಕೇಳಿಸುವುದಿಲ್ಲ ಎಂಬುದು ಬೇರೆ ಮಾತು. ತಲೆ ಮಾತ್ರ ನೆನೆಯುವುದಿಲ್ಲ.

ಮನೆಯ ಒಳಂಗಳವನ್ನು ನಿಜವಾಗಿ ಅಲುಗಿಸಿದ್ದು ಮಳೆಯೂ ಅಲ್ಲ, ಹಂಚೂ ಅಲ್ಲ, ಎರಡು ಕಾನೂನುಗಳು. ತುಳುನಾಡಿನ ಬಂಟರು ಮತ್ತಿತರ ಅನೇಕ ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು, ಎಂದರೆ ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಹರಿದುಬರುವ ಪದ್ಧತಿ ಇತ್ತು. ಆಸ್ತಿ ಇಡೀ ಕುಟುಂಬದ್ದು, ಆಡಳಿತ ಹಿರಿಯನಾದ ಯಜಮಾನನದ್ದು, ಬಲವಂತವಾಗಿ ಪಾಲು ಕೇಳುವ ಹಕ್ಕು ಯಾರಿಗೂ ಇಲ್ಲ. ಒಬ್ಬ ತಾಯಿಯ ಸಂತತಿಗೆ ಕವರು ಎಂದು ಹೆಸರು; ಒಂದೇ ಮನೆಯಲ್ಲಿ ಹಲವು ಕವರುಗಳು, ಹಲವು ಅಕ್ಕತಂಗಿಯರು, ಅವರ ಮಕ್ಕಳು ಕೂಡಿ ಬಾಳುತ್ತಿದ್ದರು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ದಾರಿಯನ್ನು ತೆರೆಯಿತು. ಎರಡನೆಯದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ. ಉಳುವವನು ಡಿಕ್ಲರೇಶನ್ ಕೊಟ್ಟು ನೆಲದ ಒಡೆಯನಾದ. ಗೇಣಿಯಾಗಿ ಬರುತ್ತಿದ್ದ ಅಕ್ಕಿ ಮುಡಿಗಳು, ಎಂದರೆ ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ 42 ಸೇರಿನ ಉರುಟು ಕಟ್ಟುಗಳು, ದೊಡ್ಡಮನೆಗೆ ಬರುವುದು ನಿಂತಿತು. ಶತಮಾನಗಳಿಂದ ಅಂಗಳದ ಆಚೆ ಕೈಕಟ್ಟಿ ನಿಂತಿದ್ದವರು ತಮ್ಮ ಅಂಗಳದಲ್ಲೇ ಭತ್ತ ರಾಶಿ ಹಾಕುವಂತಾದ ಈ ನ್ಯಾಯವನ್ನು, ಒಳಂಗಳದ ಸೊಬಗಿನ ಹೆಸರಿನಲ್ಲಿ ಅಳುವವರು ಮರೆಯುವುದುಂಟು. ಒಳಂಗಳದ ತಂಪು ಹೊರಂಗಳದಲ್ಲಿ ಬಿಸಿಲಿಗೆ ನಿಂತವರ ಬೆವರಿನಿಂದಲೂ ಬಂದದ್ದು.

ಪಾಲುಪಟ್ಟಿಯಲ್ಲಿ ಚೌಕಿಮನೆಯನ್ನು ಹಂಚುವುದು ಗದ್ದೆಯನ್ನು ಹಂಚಿದಷ್ಟು ಸುಲಭವಲ್ಲ. ಪಡುವಣ ಚಾವಡಿ ಒಂದು ಕವರಿಗೆ, ಮೂಡಣ ಅಡುಗೆಮನೆ ಇನ್ನೊಂದಕ್ಕೆ, ಉಪ್ಪರಿಗೆ ಮತ್ತೊಂದಕ್ಕೆ ಎಂದು ಬರೆದ ಬಳಿಕ ನಡುವಿನ ಬಯಲನ್ನು ಏನು ಮಾಡುವುದು? ಅದರಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಬೀಗ ಹಾಕಲು ಏನೂ ಇಲ್ಲ. ಆದ್ದರಿಂದ ಅದು ಎಲ್ಲರಿಗೂ ಸೇರಿದ್ದು ಎಂದು ಬರೆಯುವುದೇ ವಾಡಿಕೆಯಾಯಿತು. ಎಲ್ಲರಿಗೂ ಸೇರಿದ ಅಂಗಳವನ್ನು ಗುಡಿಸುವ ಹಿಡಿಸೂಡಿ ಯಾರದು ಎಂಬುದನ್ನು ಯಾವ ದಸ್ತಾವೇಜು ಬರೆಯುವ ಬರಹಗಾರನೂ ಬರೆಯಲಿಲ್ಲ. ತೂಬು ಒಬ್ಬರ ಪಾಲಿಗೆ ಬಂದ ಕೋಣೆಯ ನೆಲದಡಿ ಹಾದುಹೋಗುವುದಾದರೆ ಸಮಸ್ಯೆ ಇನ್ನೂ ಸೊಗಸು: ನೀರು ಎಲ್ಲರದು, ದಾರಿ ಒಬ್ಬರದು, ಆ ಒಬ್ಬರು ಇರುವುದು ಮುಂಬಯಿಯಲ್ಲಿ. ಹತ್ತಾರು ಕೈಗಳಿದ್ದ ಮನೆಯಲ್ಲಿ ಒಂದು ಕೈ ತೂಬಿಗೆ ಸಿಗುತ್ತಿತ್ತು. ಹೋಟೆಲು, ಬ್ಯಾಂಕು, ಗಲ್ಫುಗಳ ಕಡೆಗೆ ಕೈಗಳೆಲ್ಲ ಹೊರಟ ಮೇಲೆ ಎಲೆಗಳು ನಿಶ್ಚಿಂತೆಯಿಂದ ಕೂತವು.

ಮುಂದಿನ ದಶಕಗಳಲ್ಲಿ ಅಂಗಳ ಮಾಡಿದ ಉದ್ಯೋಗಗಳ ಪಟ್ಟಿ ದೊಡ್ಡದು. ಉಳಿದುಕೊಂಡ ಒಬ್ಬ ಅಕ್ಕನ ಕಾಲದಲ್ಲಿ ಅದು ಅಬ್ಬಲಿಗೆ ಮಲ್ಲಿಗೆಗಳ ಕುಂಡಗಳ ತಾಣವಾಯಿತು. ಬಾಡಿಗೆಗೆ ಬಂದವರ ಕಾಲದಲ್ಲಿ ಸೈಕಲ್ಲಿನ, ಆಮೇಲೆ ಸ್ಕೂಟರಿನ ತಂಗುದಾಣ. ಪರೀಕ್ಷೆಯ ಕಾಲದಲ್ಲಿ ಟ್ಯೂಶನ್ನಿನ ಕೊಠಡಿ. ರಥಬೀದಿಯ ಕಡೆಯ ಹಳೆಯ ಉದ್ದನೆಯ ಮನೆಗಳಲ್ಲಿ, ಮುಂದೆ ಅಂಗಡಿ ಹಿಂದೆ ಸಂಸಾರವಿರುವ ಕಡೆ, ನಡುವಿನ ತುಂಡು ಆಕಾಶ ವ್ಯಾಪಾರದ ಖಾಲಿ ಪೆಟ್ಟಿಗೆಗಳಿಗೆ ಜಾಗ ಕೊಟ್ಟಿತು. 1990ರ ದಶಕದಿಂದ ಮಲೇರಿಯಾ ಮಂಗಳೂರಿನ ಮನೆಮಾತಾದ ಮೇಲೆ ನಿಂತ ನೀರೆಂದರೆ ಎಲ್ಲರಿಗೂ ದಿಗಿಲು ಹುಟ್ಟಿ, ಕಟ್ಟಿಕೊಂಡ ತೂಬನ್ನು ಬಿಡಿಸುವ ಬದಲು ಅಂಗಳವನ್ನೇ ಫೈಬರ್ ಶೀಟಿನಿಂದ ಮುಚ್ಚುವ ಉಪಾಯ ಜನಪ್ರಿಯವಾಯಿತು. ಹಾಗೆ ಮುಚ್ಚಿದ ಅಂಗಳಕ್ಕೆ ಹಸಿರು ಬಣ್ಣದ ಬೆಳಕು ಬೀಳುತ್ತದೆ. ಅದರಲ್ಲಿ ಕೂತವರೆಲ್ಲ ಸ್ವಲ್ಪ ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಕೆಲವು ಮನೆಗಳಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಸಲ್ಲಿಸುವ ದಿನ ಎಲ್ಲ ಕವರುಗಳೂ ಬಂದು ಸೇರುತ್ತವೆ. ಅಂದು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗುತ್ತವೆ, ಹಿಂದೆ ಇಲ್ಲಿ ಹೇಗಿತ್ತು ಎಂಬುದರ ಚರ್ಚೆ ಊಟದವರೆಗೆ ನಡೆಯುತ್ತದೆ, ಊಟದ ಮೇಲೆ ಕೈ ತೊಳೆದ ನೀರು ಎತ್ತ ಹೋಗಬೇಕೆಂಬ ಪ್ರಶ್ನೆ ಏಳುತ್ತದೆ.

ಮನೆ ಉಳಿಸಲಾಗದ ಕಡೆ ಮನೆಯನ್ನೇ ಎತ್ತಿಕೊಂಡು ಹೋದ ದೃಷ್ಟಾಂತವೂ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿ ಬೆಳೆಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಕೆಡವಲಿದ್ದ ಹಳೆಯ ಮನೆಗಳು ತುಂಡುತುಂಡಾಗಿ ಬಂದು ಮತ್ತೆ ಮನೆಗಳಾಗಿ ಎದ್ದು ನಿಂತವು. 1816ರ ಕುಂಜೂರು ಚೌಕಿಮನೆ ಅವುಗಳಲ್ಲೊಂದು. ಕಂಬ, ತೊಲೆ, ಬಾಗಿಲುವಾಡಗಳನ್ನು ಗುರುತು ಹಾಕಿ ಬಿಚ್ಚಬಹುದು, ಲಾರಿಗೆ ಹೇರಬಹುದು. ಅಂಗಳವನ್ನು ಹೇರುವುದು ಸಾಧ್ಯವಿಲ್ಲ. ಆದರೆ ಕಂಬಗಳು ಹೊಸ ಜಾಗದಲ್ಲಿ ತಮ್ಮ ತಮ್ಮ ದೂರದಲ್ಲಿ ನಿಂತೊಡನೆ ಅಂಗಳ ಸಾಗಾಟದ ಖರ್ಚಿಲ್ಲದೆ ತಾನಾಗಿ ಬಂದು ನಡುವೆ ಕೂತಿತು. ಮಂಗಳೂರಿನ ಪಿಲಿಕುಳದಲ್ಲಿ ಗುತ್ತುಮನೆಯ, ಎಂದರೆ ಗ್ರಾಮದ ಆಡಳಿತ ಹಾಗೂ ದೈವದ ಕಟ್ಟಳೆಗಳ ಹೊಣೆ ಹೊತ್ತಿದ್ದ ಮನೆತನದ ವಾಸಗೃಹದ ಮಾದರಿಯೊಂದನ್ನು ಹೊಸದಾಗಿ ಕಟ್ಟಿ ಶಾಲಾಮಕ್ಕಳಿಗೆ ತೋರಿಸುತ್ತಾರೆ. ಬಲ್ಲಾಳ್‌ಬಾಗಿನ ಕೊಡಿಯಾಲ್‌ಗುತ್ತು ಮನೆ ಕಲೆ ಮತ್ತು ಸಂಸ್ಕೃತಿಯ ಕೇಂದ್ರವಾಗಿ, ಗೋಡೆಗೆ ಚಿತ್ರಗಳನ್ನೂ ಜಗಲಿಗೆ ಕೇಳುಗರನ್ನೂ ಪಡೆದಿದೆ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ಒಂಬತ್ತು ಹೆಂಗಳೆಯರು ಸೇರಿ ಆನೆಯಾದ ನವನಾರಿಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ ಕೆತ್ತಿದ ಕಂಬಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅರಮನೆಯಲ್ಲಿ ವಂಶಸ್ಥರ ಸಂಸಾರವೂ ಸಾಗುತ್ತದೆ. ಅಷ್ಟು ಮಂದಿ ಒಂದಾಗಿ ಒಂದು ಪ್ರಾಣಿಯಾಗಬಲ್ಲರೆಂಬುದು ಪಾಲುಪಟ್ಟಿಯ ಕಾಲದವರಿಗೆ ಶಿಲ್ಪಿಯ ಅತಿಶಯೋಕ್ತಿಯಾಗಿ ಕಂಡರೆ ತಪ್ಪಿಲ್ಲ.

ಈ ನಡುವೆ ಒಳಂಗಳ ಮತ್ತೊಂದು ದಾರಿಯಿಂದ ಊರಿಗೆ ಮರಳಿದೆ. ಹೊಸ ಮನೆ ಕಟ್ಟಿಸುವವರಿಗೆ ವಾಸ್ತುಶಿಲ್ಪಿಗಳು ನಡುವೆ ಒಂದು ಕೋರ್ಟ್‌ಯಾರ್ಡ್ ಇರಲಿ ಎನ್ನುತ್ತಾರೆ. ಅದರಲ್ಲಿ ಬಿಳಿಯ ಬೆಣಚುಕಲ್ಲು, ಒಂದು ಬಿದಿರಿನ ಮೆಳೆ, ಬೆಂಗಳೂರಿನಿಂದ ತರಿಸಿದ ಮಂಗಳೂರಿನದೇ ಹಳೆಯ ಕಂಬ. ಮದುವೆಗೆ ಮೊದಲಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಹಳೆಯ ಚೌಕಿಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಾರೆ. ಕಾಗೆ ಕಾಯುವ ಅಜ್ಜಿಯ ಜಾಗದಲ್ಲಿ ಬೆಳಕಿನ ಕೊಡೆ ಹಿಡಿದ ಹುಡುಗ ನಿಲ್ಲುತ್ತಾನೆ. ಲಲಿತ ಪ್ರಬಂಧ ಬರೆಯುವವರು ಎಂಟನೆಯ ಮಹಡಿಯ ಫ್ಲ್ಯಾಟಿನಲ್ಲಿ, ಕಿಟಕಿ ಮುಚ್ಚಿ, ಫ್ಯಾನು ಹಾಕಿಕೊಂಡು ಒಳಂಗಳದ ತಂಗಾಳಿಯನ್ನು ವರ್ಣಿಸುತ್ತಾರೆ. ಈ ಬರಹವೂ ಅದೇ ಕುಲಕ್ಕೆ ಸೇರಿದ್ದು. ಇದನ್ನು ಬರೆದ ಕೈ ಯಾವ ತೂಬಿನೊಳಕ್ಕೂ ಇಳಿಯುವಷ್ಟು ಸಣ್ಣದಲ್ಲ.

ಇಷ್ಟರಲ್ಲಿ ನೀರಿನ ಬೆಲೆಯೂ ಬದಲಾಗಿದೆ. ಮಂಗಳೂರಿಗೆ ಕುಡಿಯುವ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. 2016 ಮತ್ತು 2019ರ ಬೇಸಿಗೆಗಳಲ್ಲಿ ಅಲ್ಲಿನ ನೀರು ತಳ ಕಂಡು ಊರಿಗೆ ಸರದಿಯ ಮೇಲೆ ನೀರು ಬಿಡುವ ಹಾಗಾದಾಗ, ಜೂನ್‌ನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆಯುವ ಜನ ಮೇ ತಿಂಗಳಿನಲ್ಲಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತರು. ಆಗ ಕೆಲವು ಹಳೆಯ ಮನೆಯವರಿಗೆ, ಅಂಗಳದಿಂದ ಹೊರಗೆ ಓಡಿಸುತ್ತಿದ್ದ ಒಂದೊಂದು ದಿನದ 10,000 ಲೀಟರಿನ ನೆನಪಾಯಿತು. ತೋಡಿಗೆ ಹೋಗುತ್ತಿದ್ದ ತೂಬಿನ ಬಾಯಿಗೆ ಕೊಳವೆ ಜೋಡಿಸಿ, ನಡುವೆ ಜಲ್ಲಿ, ಮರಳು, ಇದ್ದಿಲು ತುಂಬಿದ ಸೋಸುತೊಟ್ಟಿ ಇಟ್ಟು, ಮನೆಯ ಬಾವಿಗೆ ನೀರು ಇಳಿಸುವ ಏರ್ಪಾಡು ಸುಲಭವಾದದ್ದು. ಚೌಕಿಮನೆಯ ಮಾಡುಗಳು ನೀರನ್ನು ಒಂದೇ ಕಡೆ ಕೂಡಿಸುವ ಕೆಲಸವನ್ನು ಮೊದಲೇ ಮಾಡಿಟ್ಟಿರುವುದರಿಂದ ಕೊಳವೆಯ ಖರ್ಚೂ ಕಡಿಮೆ. ಹಟಮಾರಿತನವೆಂದು ತೋರಿದ ಆ ರಚನೆಗೆ ಇಷ್ಟು ಕಾಲದ ಮೇಲೆ ಮಳೆಕೊಯ್ಲು ಎಂಬ ಸರಕಾರಿ ಗೌರವದ ಹೆಸರು ದೊರೆತಂತಾಯಿತು.

ಸೋಸುತೊಟ್ಟಿಯನ್ನೂ ಮಳೆಗಾಲಕ್ಕೆ ಮೊದಲು ತೊಳೆಯಲೇಬೇಕು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಅಂಗಳದ ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ಹಾಕಿದರೆ ದುಬೈ, ಮುಂಬಯಿ, ಮೆಲ್ಬರ್ನ್‌ಗಳಿಂದ ಹೃದಯದ ಗುರುತುಗಳು ಸುರಿಯುತ್ತವೆ. ಈ ವರ್ಷ ತೂಬು ತೆಗೆಸಿದ್ದೀರಾ ಎಂದು ಊರಲ್ಲಿರುವವರು ಕೇಳಿದರೆ ಎಲ್ಲರೂ ನೋಡಿದ್ದಾರೆಂಬ ನೀಲಿ ಗುರುತು ಮಾತ್ರ ಬೀಳುತ್ತದೆ. ಕೊನೆಗೆ ಯಾರಾದರೊಬ್ಬರು ಹಣ ಕಳಿಸುತ್ತಾರೆ, ಪತ್ತನಾಜೆಯ ಆಸುಪಾಸಿನಲ್ಲಿ ಒಬ್ಬ ಆಳು ಬಿದಿರ ಗಳು ಹಿಡಿದು ಬರುತ್ತಾನೆ, ಅವನ ಕೂಲಿ ಇತರೆ ಖರ್ಚು ಎಂಬ ಸಾಲಿನಲ್ಲಿ ಸೇರುತ್ತದೆ. ಹಳೆಯ ಮನೆಗಳ ಜೀರ್ಣೋದ್ಧಾರದ ಅಂದಾಜುಪಟ್ಟಿಗಳಲ್ಲಿ ಕಂಬಕ್ಕೆ ಪಾಲಿಶ್, ನೆಲಕ್ಕೆ ಕಾವಿ, ಉಯ್ಯಾಲೆಗೆ ಹಿತ್ತಾಳೆಯ ಸರಪಳಿ ಇವುಗಳಿಗೆಲ್ಲ ಪ್ರತ್ಯೇಕ ಸಾಲು ಇರುತ್ತದೆ. ತೂಬಿಗೆ ಒಂದು ಸಾಲು, ಅದರ ಎದುರು ವರ್ಷವರ್ಷವೂ ಒಬ್ಬರ ಹೆಸರು ಇರುವ ಲೆಕ್ಕಪುಸ್ತಕ ಯಾವ ಮನೆಯಲ್ಲಾದರೂ ಸಿಕ್ಕಿದರೆ, ಆ ಮನೆಯ ಒಳಂಗಳ ಇನ್ನಷ್ಟು ಮಳೆಗಾಲ ಕಾಣುವುದರಲ್ಲಿ ಸಂಶಯಪಡಬೇಕಾಗಿಲ್ಲ.